ಗಡಿನಾಡಿನ ಕನ್ನಡ ಶಾಲೆಯೂ ಇಂಗ್ಲಿಷಿನ ಪ್ರೌಢ ಪದಸಂಪತ್ತೂ

ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿಗಳ ಸುತ್ತಮುತ್ತಣ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯ ಬಂಧುಗಳಿಗೆ ಚೆನ್ನಾಗಿ ಪರಿಚಯವಿರುವ ಒಂದು ಸಂಕಟವುಂಟು. ಹತ್ತನೆಯ ತರಗತಿಯವರೆಗೆ ವಿಜ್ಞಾನ, ಗಣಿತ, ಚರಿತ್ರೆಗಳನ್ನು ಕನ್ನಡದಲ್ಲಿ ಓದಿ ಒಳ್ಳೆಯ ಅಂಕಗಳನ್ನು ತೆಗೆದ ಹುಡುಗಿ, ಹನ್ನೊಂದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮವನ್ನು ಸೇರಿದೊಡನೆ ಮೂಕಳಾಗಿಬಿಡುತ್ತಾಳೆ. ಸಸ್ಯಗಳು ಬಿಸಿಲಿನ ಬಲದಿಂದ ಆಹಾರವನ್ನು ಹೇಗೆ ತಯಾರಿಸಿಕೊಳ್ಳುತ್ತವೆಂಬುದು ಅವಳಿಗೆ ಗೊತ್ತು. ಆದರೆ ಹೊಸ ಪುಸ್ತಕದಲ್ಲಿ ‘ಫೋಟೋಸಿಂಥೆಸಿಸ್’ ಎಂದು ಕಂಡಾಗ, ಅದು ತಾನು ಬಲ್ಲ ದ್ಯುತಿಸಂಶ್ಲೇಷಣೆಯೇ ಎಂದು ಅವಳಿಗೆ ಹೊಳೆಯುವುದಿಲ್ಲ. ತಿಳಿವಿಗೆ ಕೊರತೆಯಿಲ್ಲ, ಹೆಸರಿಗೆ ಮಾತ್ರ ಕೊರತೆ. ಮೂರು ನಾಲ್ಕು ತಿಂಗಳು ಹೀಗೆ ಕಳೆದರೆ ಪಾಠ ಕೈ ತಪ್ಪಿ ಹೋಗುವುದು. ಇದನ್ನು ಕಂಡ ತಾಯಿತಂದೆಗಳು ಅವಳ ತಂಗಿಯನ್ನು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುತ್ತಾರೆ. ಹೀಗೆ ಕೆಲವು ನೂರು ಪದಗಳ ತೊಡಕು ನಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕದವರೆಗೆ ಬಂದು ಮುಟ್ಟುತ್ತದೆ.

ನಮ್ಮ ಮಕ್ಕಳಿಗೆ ಭಾಷೆಗಳ ಹೊರೆ ಹೆಚ್ಚಾಯಿತು, ಆದುದರಿಂದ ಇಂಗ್ಲಿಷ್ ಹತ್ತುವುದಿಲ್ಲ ಎಂದು ಹೇಳುವವರುಂಟು. ಕನ್ನಡ ಮಾಧ್ಯಮದ ಮಗು ಇಂಗ್ಲಿಷಿನೊಡನೆ ತಮಿಳನ್ನೂ ಕಲಿಯಬೇಕು. 2006ರ ತಮಿಳು ಕಲಿಕೆಯ ಕಾಯಿದೆ ಒಂದನೆಯ ತರಗತಿಯಿಂದ ಮೊದಲಾಗಿ ವರ್ಷಕ್ಕೊಂದು ಮೆಟ್ಟಿಲಿನಂತೆ ಮೇಲೇರಿ ಬಂದುದನ್ನು ನಾವೆಲ್ಲ ಕಂಡಿದ್ದೇವೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಕ್ಕಳಿಗೆ ನಾಲ್ಕನೆಯ ಭಾಷೆಯೂ ಆಯಿತು. ಆ ಕಾಯಿದೆಯಿಂದ ಕನ್ನಡ ಶಾಲೆಗಳಿಗೆ ಒದಗಿದ ಕಷ್ಟನಷ್ಟಗಳು ಬೇರೆಯೇ ವಿಚಾರ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಇಂಗ್ಲಿಷಿನ ಪ್ರೌಢ ಪದಗಳ ಮಟ್ಟಿಗೆ ಹೇಳುವುದಾದರೆ, ಮಗುವಿನ ತಲೆಯಲ್ಲಿ ಮೊದಲೇ ಇರುವ ಕನ್ನಡವೇ ಬೀಗದ ಕೈ ಎಂಬುದು ನನ್ನ ವಾದ. ಬೀಗದ ಕೈಯನ್ನು ಕಿಸೆಯಲ್ಲಿಟ್ಟುಕೊಂಡು ಬಾಗಿಲು ಒಡೆಯಲು ಹೊರಟಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ಮೈಕೇಲ್ ವೆಸ್ಟ್ ಎಂಬವರು ಢಾಕಾದ ಉಪಾಧ್ಯಾಯ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದು, ಬಂಗಾಳದ ಹುಡುಗರು ಇಂಗ್ಲಿಷ್ ಓದಲು ಪಡುವ ಪಾಡನ್ನು ಹತ್ತಿರದಿಂದ ಕಂಡವರು. ಅವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 2000 ಬಳಕೆಯ ಪದಗಳಿವೆ. ಪದ ಎಂದರೆ ಇಲ್ಲಿ ಪದಗಳ ಒಂದು ಕುಟುಂಬವೆಂದು ತಿಳಿಯಬೇಕು. ನಮ್ಮಲ್ಲಿ ಕಲಿ, ಕಲಿಸು, ಕಲಿಕೆ ಎಂಬವು ಒಂದೇ ಮನೆಯವು ಎನ್ನುವ ಹಾಗೆ. ಈ ಎರಡು ಸಾವಿರ ಬಲ್ಲವನಿಗೆ ವಿದ್ಯಾ ವಿಷಯದ ಪುಸ್ತಕವೊಂದರಲ್ಲಿ ನೂರಕ್ಕೆ ಎಪ್ಪತ್ತೈದರ ಮೇಲೆ ಪದಗಳು ಪರಿಚಿತವಾಗಿರುತ್ತವೆ. ನ್ಯೂಜಿಲೆಂಡಿನ ಎವರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ 2000ದಲ್ಲಿ ಇದರ ಮುಂದಿನ ಮೆಟ್ಟಿಲನ್ನು ಕಟ್ಟಿದರು. ಎಲ್ಲ ಶಾಸ್ತ್ರಗಳ ಪಾಠಪುಸ್ತಕಗಳಲ್ಲೂ ಸಮಾನವಾಗಿ ಬರುವ 570 ಪದಕುಟುಂಬಗಳನ್ನು ಆರಿಸಿ, ಅವು ಇಂಥ ಪುಸ್ತಕಗಳಲ್ಲಿ ಮತ್ತೆ ನೂರಕ್ಕೆ ಹತ್ತು ಪಾಲನ್ನು ತುಂಬುತ್ತವೆಂದು ತೋರಿಸಿದರು. ‘ಅನಲೈಸ್’, ‘ಡಿರೈವ್’, ‘ಹೈಪಾಥಿಸಿಸ್’, ‘ಕಾಂಟ್ರಾಸ್ಟ್’, ‘ಫ್ಯಾಕ್ಟರ್’, ‘ಫಂಕ್ಷನ್’ ಮುಂತಾದವು ಆ ಪಟ್ಟಿಯಲ್ಲಿವೆ. ಅದೇ ದೇಶದ ಪಾಲ್ ನೇಶನ್ 2006ರಲ್ಲಿ ಹೇಳಿದಂತೆ, ಯಾರ ನೆರವೂ ಇಲ್ಲದೆ ಕಾದಂಬರಿ, ವೃತ್ತಪತ್ರಿಕೆಗಳನ್ನು ಸಲೀಸಾಗಿ ಓದಬೇಕಾದರೆ 8000ದಿಂದ 9000 ಕುಟುಂಬಗಳು ಬೇಕು.

ಎಂಟು ಸಾವಿರವೆಂದರೆ ಎದೆ ನಡುಗುವುದು ಸಹಜ. ಆದರೆ ಹನ್ನೊಂದನೆಯ ತರಗತಿಯ ಬಾಗಿಲಲ್ಲಿ ಮಗುವನ್ನು ತಡೆಯುವ ಗೋಡೆ ಅಷ್ಟು ಎತ್ತರವಾದುದಲ್ಲ. ವೆಸ್ಟ್ ಅವರ ಎರಡು ಸಾವಿರದ ಮೇಲೆ ಈ 570, ಅದರ ಮೇಲೆ ಆಯಾ ಶಾಸ್ತ್ರದ ಪಾರಿಭಾಷಿಕ ಪದಗಳು, ಇಷ್ಟೇ. ವರ್ಷಕ್ಕೆ ಇನ್ನೂರು ದಿನ ಪಾಠ ನಡೆಯುವುದೆಂದು ಇಟ್ಟುಕೊಂಡರೆ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ನಾನೂರು ದಿನಗಳಾದವು. ದಿನಕ್ಕೆ ಒಂದೂವರೆ ಪದಕ್ಕಿಂತಲೂ ಕಡಮೆ! ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮಾರುವ ಪದಪಟ್ಟಿಯ ಪುಸ್ತಕಗಳನ್ನು ಇದರೊಡನೆ ಹೋಲಿಸಿ ನೋಡಬೇಕು. ಅವುಗಳಲ್ಲಿ ಸೌಂದರ್ಯಕ್ಕೆ ‘ಪಲ್‌ಕ್ರಿಟ್ಯೂಡ್’ ಎಂಬಂಥ ಪದಗಳಿರುತ್ತವೆ. ಆ ಪದವನ್ನು ಇಂಗ್ಲಿಷರೇ ನಗುವುದಕ್ಕಲ್ಲದೆ ಬೇರೆ ಯಾವುದಕ್ಕೂ ಹೆಚ್ಚಾಗಿ ಬಳಸುವುದಿಲ್ಲ. ಮಗು ಅದನ್ನು ಉರು ಹೊಡೆದು ‘ಡಿರೈವ್’ ಎಂಬಲ್ಲಿ ಎಡವುತ್ತದೆ.

ಇನ್ನು ಇಂಗ್ಲಿಷಿನ ಪ್ರೌಢ ಪದಗಳು ಏಕೆ ಕಷ್ಟವೆನಿಸುತ್ತವೆ? ಆ ಭಾಷೆಯಲ್ಲಿ ಎರಡು ಪದರಗಳಿವೆ. ಮನೆ, ಹೊಲ, ಮೈಕೈಗಳಿಗೆ ಸಂಬಂಧಿಸಿದ ಮಾತುಗಳು ಹಳೆಯ ಜರ್ಮಾನಿಕ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳ ಮೂಲಕ ಫ್ರೆಂಚ್ ಪದಗಳು ಬಂದವು. ವಿದ್ವಾಂಸರು ಅನಂತರದ ಶತಮಾನಗಳಲ್ಲಿ ಲ್ಯಾಟಿನ್, ಗ್ರೀಕ್ ಪದಗಳನ್ನು ಹೇರಳವಾಗಿ ತಂದು ಸುರಿದರು. ಹೀಗಾಗಿ ಹಲ್ಲಿಗೆ ‘ಟೂತ್’ ಎಂದರೂ ಹಲ್ಲಿನ ವೈದ್ಯಕ್ಕೆ ‘ಡೆಂಟಲ್’ ಎನ್ನಬೇಕು. ರಾತ್ರಿ ‘ನೈಟ್’, ಇರುಳಿನಲ್ಲಿ ಸಂಚರಿಸುವ ಪ್ರಾಣಿ ‘ನಾಕ್ಟರ್ನಲ್’. ನಮ್ಮಲ್ಲಿ ಹೇಗೆ? ಹಲ್ಲು ಕನ್ನಡ, ದಂತವೈದ್ಯ ಸಂಸ್ಕೃತ. ಇರುಳು ಕನ್ನಡ, ನಿಶಾಚರ ಸಂಸ್ಕೃತ. ಒಂದೇ ಮನೆಯ ನಡುಮನೆ ಮತ್ತು ಪಡಸಾಲೆ. ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರನ್ನು ಬೇರೆ ಬೇರೆ ದಿನ, ಬೇರೆ ಬೇರೆ ಪಾಠದಲ್ಲಿ ಕಲಿತ ಹುಡುಗ ಮೂರಕ್ಕೂ ‘ಕೇಳು’ ಎಂದು ಅರ್ಥ ಬರೆದುಕೊಂಡು, ‘ನಾನು ತಾಯಿಯನ್ನು ಇಂಟರಾಗೇಟ್ ಮಾಡಿ ಎರಡು ರೂಪಾಯಿ ಪಡೆದೆ’ ಎಂಬಂಥ ವಾಕ್ಯವನ್ನು ರಚಿಸುತ್ತಾನೆ. ಅದಕ್ಕೆ ಬದಲಾಗಿ ‘ಕೇಳು, ಪ್ರಶ್ನಿಸು, ವಿಚಾರಣೆ ಮಾಡು’ ಎಂಬ ಕನ್ನಡದ ಏಣಿಯನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರೆ, ಪೊಲೀಸು ಠಾಣೆಯಲ್ಲಿ ನಡೆಯುವುದು ಯಾವುದು, ಅಡುಗೆಮನೆಯಲ್ಲಿ ನಡೆಯುವುದು ಯಾವುದು ಎಂದು ಅವನಿಗೆ ಬೇರೆ ಹೇಳಬೇಕಾಗಿಲ್ಲ. ಎರಡು ಪದರದ ಭಾಷೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ತಾರತಮ್ಯ ಕರತಲಾಮಲಕ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಕನ್ನಡ ಪದಕ್ಕೂ ಇಂಗ್ಲಿಷ್ ಪದಕ್ಕೂ ಹೋಲಿಕೆ ಕಂಡುಬಂದರೆ ಅದು ಎರಡು ಬಗೆಯದಾಗಿರಬಹುದು. ಒಂದು, ಅಚ್ಚಿನ ಹೋಲಿಕೆ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ‘ಫೋಟೋ’ ಬೆಳಕು, ‘ಸಿಂಥೆಸಿಸ್’ ಒಟ್ಟಿಗೆ ಇಡುವುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ನಮ್ಮ ಪಾರಿಭಾಷಿಕ ಪದವನ್ನು ಆ ಪದವನ್ನು ನೋಡಿಯೇ ಎರಕ ಹೊಯ್ದದ್ದು. ತಮಿಳಿನವರೂ ಹಾಗೆಯೇ ‘ಒಳಿಚ್ಚೇರ್ಕೈ’ ಎಂದು ಮಾಡಿಕೊಂಡಿದ್ದಾರೆ. ‘ಒಳಿ’ ಬೆಳಕು, ‘ಸೇರ್ಕೈ’ಯಲ್ಲಿರುವುದು ನಮ್ಮ ‘ಸೇರು’ ಧಾತುವೇ. ನಮ್ಮ ಗಡಿನಾಡಿನ ಮಗು ಮೂರು ಪುಸ್ತಕಗಳಲ್ಲಿ ಮೂರು ಹೆಸರುಗಳನ್ನು ಬೇರೆ ಬೇರೆಯಾಗಿ ಗಟ್ಟಿ ಮಾಡುತ್ತಿದೆ. ಮೂರೂ ಒಂದೇ ಮಾತನ್ನು ಹೇಳುತ್ತಿವೆಯೆಂದು ಯಾರಾದರೂ ಒಮ್ಮೆ ಕಪ್ಪು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರೆ ಹೊರೆ ಮೂರರಿಂದ ಒಂದಕ್ಕೆ ಇಳಿಯುವುದು. ಬಹುಭಾಷೆಯ ಮಗುವಿಗೆ ಇರುವ ಈ ಅನುಕೂಲ ಬರಿಯ ಇಂಗ್ಲಿಷ್ ಶಾಲೆಯ ಮಗುವಿಗೆ ಇಲ್ಲ. ಅದಕ್ಕೆ ‘ಫೋಟೋಸಿಂಥೆಸಿಸ್’ ಎಂಬುದು ಬರಿಯ ಶಬ್ದ.

ಎರಡನೆಯದು ಹುಟ್ಟಿನ ನಂಟು. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದ್ದು ಪಂಡಿತರಿಗೆ ತಿಳಿದ ಸಂಗತಿ. ಕನ್ನಡ, ತಮಿಳು, ತೆಲುಗುಗಳು ಬೇರೆ ಕುಲದವೆಂಬುದನ್ನು ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲಿ ತೋರಿಸಿದರು. ಆದುದರಿಂದ ಹಲ್ಲು, ಇರುಳು, ಕಾಲು ಎಂಬ ನಮ್ಮ ದೇಶ್ಯ ಪದಗಳಿಗೂ ಇಂಗ್ಲಿಷಿಗೂ ನಂಟಿಲ್ಲ. ಆದರೆ ಕನ್ನಡಕ್ಕೆ ಬಂದು ನಮ್ಮದೇ ಆಗಿಹೋದ ತತ್ಸಮಗಳ ದಾಯಾದಿಗಳು ಇಂಗ್ಲಿಷಿನ ಪ್ರೌಢ ಪದರದಲ್ಲಿ ಹೆಜ್ಜೆ ಹೆಜ್ಜೆಗೂ ಕಾಣಸಿಗುತ್ತಾರೆ. ದಂತಕ್ಕೆ ‘ಡೆಂಟಲ್’, ಪದಕ್ಕೆ ‘ಪೆಡಲ್’, ನಾಮಕ್ಕೆ ‘ನಾಮಿನಲ್’, ನಕ್ತಕ್ಕೆ ‘ನಾಕ್ಟರ್ನಲ್’, ವಿಧವೆಗೆ ‘ವಿಡೋ’. ‘ಸಿಂಥೆಸಿಸ್’ ಎಂಬುದರಲ್ಲಿರುವ ‘ಥೆಸಿಸ್’ ಸಂಸ್ಕೃತದ ‘ಧಾ’ ಧಾತುವಿನ ಸೋದರ. ಹಾಗೆ ನೋಡಿದರೆ ಅದರ ನಿಜವಾದ ಬಂಧು ನಮ್ಮ ವ್ಯಾಕರಣದ ‘ಸಂಧಿ’.

ಈ ದಾರಿಯಲ್ಲಿ ನನಗೆ ಅತ್ಯಂತ ಫಲವತ್ತಾಗಿ ಕಂಡುದು ನಮ್ಮ ಛಂದಸ್ಸಿನ ಪಾಠ. ಗುರು ಲಘುಗಳನ್ನು ಗುರುತು ಹಾಕುವುದನ್ನು ನಾವು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಲಿಸುತ್ತೇವೆ. ಗುರು ಎಂದರೆ ಭಾರವಾದದ್ದು, ಲಘು ಎಂದರೆ ಹಗುರವಾದದ್ದು. ಲ್ಯಾಟಿನ್ನಿನಲ್ಲಿ ಭಾರವಾದುದಕ್ಕೆ ‘ಗ್ರಾವಿಸ್’ ಎಂಬ ಮಾತಿದೆ. ಅದು ಗುರುವಿನ ಒಡಹುಟ್ಟು. ಹಗುರವಾದುದಕ್ಕೆ ‘ಲೆವಿಸ್’, ಅದೂ ಇಂಗ್ಲಿಷಿನ ‘ಲೈಟ್’ ಎಂಬುದೂ ಲಘುವಿನ ಒಡಹುಟ್ಟುಗಳು. ಇಷ್ಟನ್ನು ಹೇಳಿ ಕಪ್ಪು ಹಲಗೆಯನ್ನು ಎರಡು ಭಾಗ ಮಾಡಿರಿ. ಗುರುವಿನ ಕಡೆಗೆ ‘ಗ್ರ್ಯಾವಿಟಿ’ ಬರುತ್ತದೆ. ನಮ್ಮ ಭೌತಶಾಸ್ತ್ರದಲ್ಲಿ ಅದಕ್ಕೆ ಗುರುತ್ವ ಎಂದೇ ಹೆಸರು. ‘ಗ್ರೇವ್’ ಎಂದರೆ ಗಂಭೀರ, ತೂಕವುಳ್ಳ ವಿಷಯ. ‘ಅಗ್ರವೇಟ್’ ಎಂದರೆ ಇದ್ದ ಕಷ್ಟವನ್ನು ಇನ್ನಷ್ಟು ಭಾರ ಮಾಡುವುದು, ಉಲ್ಬಣಗೊಳಿಸುವುದು. ಲಘುವಿನ ಕಡೆಗೆ ‘ಎಲಿವೇಟ್’, ಹಗುರ ಮಾಡಿ ಮೇಲಕ್ಕೆತ್ತುವುದು. ‘ಲೆವಿಟಿ’, ತೂಕವಿಲ್ಲದ ನಡವಳಿಕೆ. ‘ಅಲೀವಿಯೇಟ್’, ನೋವನ್ನು ಹಗುರ ಮಾಡುವುದು, ಉಪಶಮನ. ‘ಅಗ್ರವೇಟ್’ ಮತ್ತು ‘ಅಲೀವಿಯೇಟ್’ ಎಂಬ ಎರಡು ಪದಗಳು ಬಿ.ಎ. ತರಗತಿಯ ವಿದ್ಯಾರ್ಥಿಗಳನ್ನೂ ತಡವರಿಸುವಂತೆ ಮಾಡುವುದುಂಟು. ಗುರು ಮಾಡು, ಲಘು ಮಾಡು ಎಂದು ಒಮ್ಮೆ ತಿಳಿದ ಒಂಬತ್ತನೆಯ ತರಗತಿಯ ಹುಡುಗನಿಗೆ ಅವು ಅದಲುಬದಲಾಗುವ ಸಂಭವ ಕಡಮೆ. ಕನ್ನಡ ಪಂಡಿತರ ಪಾಠ ಇಂಗ್ಲಿಷ್ ಉಪಾಧ್ಯಾಯರ ಕೈಗೆ ಬಂದುದು ಹೀಗೆ.

ಊರ ಹೆಸರುಗಳಿಂದಲೂ ಇಂಥ ಪಾಠವನ್ನು ಆರಂಭಿಸಬಹುದು. ಹೊಸೂರು ಎಂದರೆ ಹೊಸ ಊರು. ಸಂಸ್ಕೃತದಲ್ಲಿ ಹೇಳಿದರೆ ನವಪುರ. ಇಟಲಿಯ ನೇಪಲ್ಸ್ ಪಟ್ಟಣಕ್ಕೆ ಗ್ರೀಕರು ಇಟ್ಟ ಹೆಸರು ‘ನೇಆಪೊಲಿಸ್’. ‘ನೇಆ’ ಎಂಬುದು ನವ, ‘ಪೊಲಿಸ್’ ಎಂಬುದು ಪುರದ ಬಂಧು. ನೇಪಲ್ಸ್ ಎಂಬುದು ಇಟಲಿಯ ಹೊಸೂರು! ಆ ‘ಪೊಲಿಸ್’ನಿಂದಲೇ ‘ಪಾಲಿಟಿಕ್ಸ್’, ‘ಪಾಲಿಸಿ’, ‘ಪೊಲೀಸ್’, ‘ಮೆಟ್ರೊಪಾಲಿಸ್’ ಹುಟ್ಟಿದವು. ಕೃಷ್ಣಗಿರಿಯ ಕತೆ ಇನ್ನೂ ಚೆಲುವಾಗಿದೆ. ಕೃಷ್ಣದೇವರಾಯನ ಹೆಸರಿನಿಂದ ಬಂತೆನ್ನುವವರು ಇದ್ದರೂ ಮಾತಿನ ಅರ್ಥ ಕಪ್ಪು ಬೆಟ್ಟವೆಂದು. ಯೂರೋಪಿನಲ್ಲಿ ಮಾಂಟೆನೀಗ್ರೊ ಎಂಬ ಪುಟ್ಟ ದೇಶವಿದೆ. ಅದಕ್ಕೂ ಕಪ್ಪು ಬೆಟ್ಟ ಎಂದೇ ಅರ್ಥ. ಅಲ್ಲಿಯ ಜನ ತಮ್ಮ ಸ್ಲಾವ್ ಭಾಷೆಯಲ್ಲಿ ತಮ್ಮ ದೇಶವನ್ನು ಕರೆದುಕೊಳ್ಳುವುದು ‘ತ್ಸರ್ನಾ ಗೋರಾ’ ಎಂದು. ‘ತ್ಸರ್ನಾ’ ಎಂಬುದು ಕೃಷ್ಣ ಶಬ್ದದ, ‘ಗೋರಾ’ ಎಂಬುದು ಗಿರಿ ಶಬ್ದದ ದಾಯಾದಿ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಪದಕ್ಕೆ ಪದ, ಅದೇ ಕೃಷ್ಣಗಿರಿ. ಪರೀಕ್ಷೆಗೆ ಇದರಿಂದ ಒಂದಂಕವೂ ಬಾರದು, ನಿಜ. ಆದರೆ ತನ್ನ ಊರಿನ ಹೆಸರಿನ ನೆಂಟರು ಸಮುದ್ರದಾಚೆ ಇದ್ದಾರೆಂದು ಕೇಳಿದ ಮಗು ಪದಗಳನ್ನು ಬಿಡಿಸಿ ನೋಡುವ ಚಟಕ್ಕೆ ಬೀಳುತ್ತದೆ. ಆ ಚಟ ಹತ್ತಿದರೆ ಅರ್ಧ ಕೆಲಸವಾದಂತೆ.

ಇಂಗ್ಲಿಷಿಗೆ ನಮ್ಮ ಸೀಮೆಯಿಂದಲೇ ಹೋದ ಪದಗಳೂ ಇವೆ. ಕೃಷ್ಣಗಿರಿಯ ವ್ಯಾಪಾರದ ಜೀವಾಳವಾದ ಮಾವಿಗೆ ಅವರ ‘ಮ್ಯಾಂಗೋ’ ಎಂಬುದು ತಮಿಳು ಮಲೆಯಾಳಗಳ ‘ಮಾಂಗಾ’, ಪೋರ್ಚುಗೀಸರ ಬಾಯಿಯ ಮೂಲಕ ಹೋದದ್ದು. ‘ಬ್ಯಾಂಡಿಕೂಟ್’ ಎಂಬ ಹೆಗ್ಗಣ ತೆಲುಗಿನ ‘ಪಂದಿಕೊಕ್ಕು’. ಸಂತೋಷದ ಸಂಗತಿಯೇ, ಆದರೆ ಇಂಥವು ಕೆಲವೇ, ಇವುಗಳಿಂದ ಪದಸಂಪತ್ತು ಬೆಳೆಯುವುದಿಲ್ಲ.

ಬೆಳೆಯುವುದು ಬೀದಿಯಲ್ಲಿ ಆಗಲೇ ಓಡಾಡುತ್ತಿರುವ ಇಂಗ್ಲಿಷ್ ಮಾತುಗಳಿಂದ. 1970ರ ದಶಕದಿಂದೀಚೆಗೆ ಹೊಸೂರಿನಲ್ಲಿ ಕಾರ್ಖಾನೆಗಳು ಬೆಳೆದು, ಊರೂರಿನ ಮನೆಗಳಿಗೂ ಕೈಗಾರಿಕೆಯ ಶಬ್ದಗಳು ನುಗ್ಗಿವೆ. ಟ್ರಾಕ್ಟರನ್ನು ಕಾಣದ ಮಗು ನಮ್ಮಲ್ಲಿಲ್ಲ. ಟ್ರಾಕ್ಟರ್ ಎಂದರೆ ಏನು? ಎಳೆಯುವಂಥದ್ದು. ‘ಟ್ರಾಕ್ಟ್’ ಎಂದರೆ ಎಳೆ. ಇದೊಂದನ್ನು ಹಿಡಿದುಕೊಂಡರೆ ‘ಎಕ್ಸ್‌ಟ್ರಾಕ್ಟ್’ ಹೊರಕ್ಕೆ ಎಳೆ. ಮಾವಿನ ತಿರುಳನ್ನು ಕಾರ್ಖಾನೆಯಲ್ಲಿ ತೆಗೆಯುವುದು ಅದೇ. ‘ಅಟ್ರಾಕ್ಟ್’ ತನ್ನ ಕಡೆಗೆ ಎಳೆ, ಆಕರ್ಷಿಸು. ಆಕರ್ಷಣೆಯಲ್ಲಿಯೂ ಎಳೆಯುವ ಅರ್ಥದ ‘ಕೃಷ್’ ಧಾತುವಿದೆ. ‘ಡಿಸ್ಟ್ರಾಕ್ಟ್’ ಗಮನವನ್ನು ಬೇರೆಡೆಗೆ ಎಳೆ. ‘ಸಬ್‌ಟ್ರಾಕ್ಟ್’ ಕೆಳಗಿನಿಂದ ಎಳೆದುಕೊ, ಕಳೆ. ‘ಅಬ್‌ಸ್ಟ್ರಾಕ್ಟ್’ ವಸ್ತುವಿನಿಂದ ಎಳೆದು ಬೇರೆ ಮಾಡಿದ್ದು, ಅಮೂರ್ತ. ಇನ್ನು ‘ಕಾಂಟ್ರಾಕ್ಟ್’. ಗುತ್ತಿಗೆಗೆ ಈ ಮಾತು ನಮ್ಮ ಮಕ್ಕಳಿಗೆಲ್ಲ ಗೊತ್ತು. ವಿಜ್ಞಾನದ ಪುಸ್ತಕದಲ್ಲಿ ಕಬ್ಬಿಣ ತಣ್ಣಗಾದಾಗ ‘ಕಾಂಟ್ರಾಕ್ಟ್’ ಆಗುವುದೆಂದು ಓದಿದಾಗ, ಕಬ್ಬಿಣ ಯಾರಿಂದ ಗುತ್ತಿಗೆ ಹಿಡಿಯಿತು ಎಂದು ಮಗು ಬೆರಗಾದರೆ ಅದರ ತಪ್ಪೇನು? ಒಟ್ಟಿಗೆ ಎಳೆಯುವುದು ಎಂಬ ಮೂಲವನ್ನು ಹೇಳಿಕೊಟ್ಟರೆ, ಇಬ್ಬರನ್ನು ಒಂದು ಮಾತಿಗೆ ಎಳೆದು ತರುವ ಒಪ್ಪಂದವೂ, ಕಣಗಳು ಒತ್ತಾಗಿ ಸೇರುವ ಸಂಕೋಚನವೂ ಒಂದೇ ಬೇರಿನ ಎರಡು ಕೊಂಬೆಗಳೆಂದು ಕಾಣುವುದು. ಹಾಗೆಯೇ ‘ಪೋರ್ಟ್’ ಎಂದರೆ ಹೊರು. ಹೊಸೂರಿನ ಗುಲಾಬಿ ‘ಎಕ್ಸ್‌ಪೋರ್ಟ್’ ಆಗುತ್ತದೆ, ಹೊರಕ್ಕೆ ಹೊತ್ತು ಹೋಗುತ್ತದೆ. ಈ ಮಾತನ್ನು ಬಲ್ಲವನಿಗೆ ‘ಇಂಪೋರ್ಟ್’, ‘ಟ್ರಾನ್ಸ್‌ಪೋರ್ಟ್’, ‘ಪೋರ್ಟಬಲ್’, ‘ಸಪೋರ್ಟ್’, ‘ಡಿಪೋರ್ಟ್’ ಎಂಬವು ದೂರವಲ್ಲ.

ಹೀಗೆಂದ ಮಾತ್ರಕ್ಕೆ ಪದಗಳನ್ನು ಬಿಡಿಸಿದರೆ ಎಲ್ಲವೂ ಬಗೆಹರಿಯುವುದೆಂದು ತಿಳಿಯಬಾರದು. ‘ಪ್ರೆಫೇಸ್’ ಎಂಬುದನ್ನು ಬಿಡಿಸಿದರೆ ಮುಂಚೆ ನುಡಿಯುವುದು, ಅಂದರೆ ನಮ್ಮ ಮುನ್ನುಡಿ, ಸರಿಯಾಗಿಯೇ ಇದೆ. ಆದರೆ ‘ಪ್ರಿಡಿಕ್ಟ್’ ಎಂಬುದನ್ನು ಬಿಡಿಸಿದರೂ ಮುಂಚೆ ನುಡಿಯುವುದೇ. ಅದರ ಅರ್ಥ ಮಾತ್ರ ಮುಂದಾಗುವುದನ್ನು ಹೇಳುವುದು. ಮೂಲ ದಾರಿ ತೋರಿಸಬಲ್ಲುದು, ಊರಿನ ಬಾಗಿಲವರೆಗೆ ಕೊಂಡೊಯ್ಯಬಲ್ಲುದು. ಮನೆಯನ್ನು ವಾಕ್ಯದಲ್ಲಿಯೇ ಹುಡುಕಿಕೊಳ್ಳಬೇಕು. ಧ್ವನಿಯ ಹೋಲಿಕೆಯಂತೂ ದೊಡ್ಡ ಮೋಸಗಾರ. ‘ಬ್ಯಾರೊಮೀಟರ್’ ವಾಯುಭಾರ ಮಾಪಕವಾದುದರಿಂದ ‘ಬ್ಯಾರೊ’ ಎಂಬುದೇ ಭಾರ ಎಂದು ಹೇಳಿಬಿಡಲು ನಾಲಗೆ ತುರಿಸುತ್ತದೆ. ವಾಸ್ತವದಲ್ಲಿ ಆ ಗ್ರೀಕ್ ಪದವೂ ಗುರು ಶಬ್ದದ ಬಂಧು. ಭಾರದ ಬಂಧು ಹೊರು ಎಂಬರ್ಥದ ‘ಬೇರ್’. ಇನ್ನು ‘ಕ್ಯಾಶ್’. ಇಂಗ್ಲಿಷಿನಲ್ಲಿ ಇದು ಎರಡು ಬೇರೆ ಬೇರೆ ಪದ. ಮದರಾಸು ಸೀಮೆಯ ಚಿಕ್ಕ ನಾಣ್ಯಕ್ಕೆ ಬಳಕೆಯಲ್ಲಿದ್ದುದು ನಮ್ಮ ಕಾಸು. ನಗದು ಹಣ ಎಂಬರ್ಥದ್ದು ಫ್ರೆಂಚ್, ಇಟಾಲಿಯನ್ ಭಾಷೆಗಳ ಪೆಟ್ಟಿಗೆ ಎಂಬ ಮಾತಿನಿಂದ ಬಂದದ್ದು. ನಮ್ಮ ಊರುಗಳಲ್ಲಿ ಪ್ರಪಂಚದ ಎಲ್ಲ ಮಾತುಗಳನ್ನೂ ಕನ್ನಡದಿಂದಲೋ ತಮಿಳಿನಿಂದಲೋ ಹುಟ್ಟಿಸುವ ಹವ್ಯಾಸದ ಪಂಡಿತರಿಗೆ ಬರಗಾಲವಿಲ್ಲ. ತರಗತಿಯಲ್ಲಿ ಆ ದಾರಿ ಹಿಡಿಯುವುದು ಕೂಡದು. ನಿಘಂಟಿನಲ್ಲಿ ನೋಡಿ ಖಚಿತವಾದುದನ್ನು ಮಾತ್ರ ಹೇಳಬೇಕು.

ಮತ್ತೊಂದು ಎಚ್ಚರ. ಪದದ ಅರ್ಥ ಬಲ್ಲವನು ಅದರ ಜೊತೆಗಾರರನ್ನೂ ಬಲ್ಲವನಾಗಬೇಕು. ನಮ್ಮಲ್ಲಿ ಮಳೆ ಜೋರು, ಮೊಸರು ಗಟ್ಟಿ, ಬಿಸಿಲು ಚುರುಕು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಚಹಾ ‘ಸ್ಟ್ರಾಂಗ್’. ‘ದೊಡ್ಡ ಮಳೆ’ ಎಂಬುದನ್ನು ‘ಬಿಗ್ ರೇನ್’ ಎಂದು ಬರೆಯುವ ಮಗುವಿಗೆ ಪದ ಗೊತ್ತಿಲ್ಲದೆ ಇಲ್ಲ, ನೆಂಟಸ್ತಿಕೆ ಗೊತ್ತಿಲ್ಲ. ‘ಲುಕ್’ ಗೊತ್ತು, ‘ಆಫ್ಟರ್’ ಗೊತ್ತು, ‘ಲುಕ್ ಆಫ್ಟರ್’ ಗೊತ್ತಿಲ್ಲ. ಇಲ್ಲಿಯೂ ಕನ್ನಡವೇ ನೆರವಿಗೆ ಬರುತ್ತದೆ: ‘ನೋಡು’ ಬೇರೆ, ‘ಮಗುವನ್ನು ನೋಡಿಕೋ’ ಬೇರೆ ಅಲ್ಲವೆ? ಒಂದು ಚಿಕ್ಕ ಬಾಲ ಸೇರಿದರೆ ಕ್ರಿಯಾಪದದ ಮನಸ್ಸೇ ಬದಲಾಗುವುದೆಂಬುದು ನಮ್ಮ ಮಕ್ಕಳಿಗೆ ಹೊಸತಲ್ಲ.

ಪ್ರೌಢ ಪದಸಂಪತ್ತು ಎಂದರೆ ಆಡಂಬರದ ಬರಹ ಎಂಬ ಭ್ರಮೆಯೂ ನಮ್ಮಲ್ಲಿ ಆಳವಾಗಿದೆ; ‘ಬಿಗಿನ್’ ಸಾಕಾದಲ್ಲಿ ‘ಕಮೆನ್ಸ್’ ಎಂದು ಬರೆದವನಿಗೆ ಒಂದಂಕ ಹೆಚ್ಚು ಕೊಡುವ ಉಪಾಧ್ಯಾಯರಿದ್ದಾರೆ. ಇದಕ್ಕೆ ಉತ್ತರ ನಮ್ಮ ಹೊಸೂರಿನ ಪಕ್ಕದಲ್ಲಿಯೇ ಇದೆ. 1878ರ ಡಿಸೆಂಬರ್ 10ರಂದು ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ ರಾಜಗೋಪಾಲಾಚಾರ್ಯರು 1948ರಿಂದ 1950ರವರೆಗೆ ಇಂಡಿಯಾದ ಗವರ್ನರ್ ಜನರಲ್ ಆಗಿದ್ದರು. 1951ರಲ್ಲಿ ಭಾರತೀಯ ವಿದ್ಯಾಭವನದವರು ಹೊರತಂದ ಅವರ ಇಂಗ್ಲಿಷ್ ಮಹಾಭಾರತವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಕೈಗೆ ಕೊಡಬಹುದು, ಅಷ್ಟು ತಿಳಿಯಾದ ಭಾಷೆ. ದೊಡ್ಡ ಪದಗಳು ತಿಳಿಯದೆ ಅವರು ಹಾಗೆ ಬರೆದರೆಂದು ಯಾರೂ ಹೇಳಲಾರರು. ಅದೇ ರಾಜಾಜಿಯವರ ತಮಿಳು ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪ್ರೌಢ ಪದಗಳು ಓದುವುದಕ್ಕೆ ಎಷ್ಟು ಬೇಕೋ ಅಷ್ಟು ಬರೆಯುವುದಕ್ಕೆ ಬೇಡ. ಸಾವಿರ ಪದಗಳನ್ನು ಗುರುತಿಸಬಲ್ಲ ಮಗು ಇನ್ನೂರನ್ನು ನೆಚ್ಚಿ ಬರೆದರೆ ಸಾಕು.

ಇನ್ನು ಕಾರ್ಯರೂಪದ ಮಾತು. ಪ್ರತಿ ವಿದ್ಯಾರ್ಥಿಯೂ ಒಂದು ಪದಪುಸ್ತಕವನ್ನು ಇಟ್ಟುಕೊಳ್ಳಲಿ. ಎಡಪುಟದಲ್ಲಿ ಇಂಗ್ಲಿಷ್ ಪದ, ಅದರ ಭಾಗಗಳು, ಕನ್ನಡದ ಪಾರಿಭಾಷಿಕ ಪದ, ಸಾಧ್ಯವಾದರೆ ತಮಿಳಿನದು. ಬಲಪುಟದಲ್ಲಿ ಆ ಪದ ಬಂದ ವಾಕ್ಯ, ಪಾಠಪುಸ್ತಕದಿಂದಲೇ ಎತ್ತಿಕೊಂಡದ್ದು. ಬರಿಯ ಅರ್ಥ ಬರೆದ ಪುಸ್ತಕದಿಂದ ಪ್ರಯೋಜನ ಅಷ್ಟಕ್ಕಷ್ಟೆ. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲಿಯೇ ಹೆಚ್ಚಾಗಿ ಮರೆತುಹೋಗುವುದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದರು. ಆದುದರಿಂದ ಇಂದಿನ ಪದವನ್ನು ನಾಳೆ, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು ಮತ್ತೆ ಕೇಳಬೇಕು. ಐದು ನಿಮಿಷದ ಕೆಲಸ. ಹಾಜರಿ ಕರೆಯುವಾಗ ‘ಪ್ರೆಸೆಂಟ್ ಸಾರ್’ ಎನ್ನುವುದಕ್ಕೆ ಬದಲಾಗಿ ಒಬ್ಬೊಬ್ಬರು ಹಿಂದಿನ ವಾರದ ಒಂದೊಂದು ಪದವನ್ನು ಹೇಳಿದರೂ ಆದೀತು.

ಶಾಲೆಯ ಕಪಾಟಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿ ಹೊರತಂದ ಇಂಗ್ಲಿಷ್ ಕನ್ನಡ ನಿಘಂಟಿನ ಪರಿಷ್ಕೃತ ಮುದ್ರಣವೊಂದು ಇರಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟು ನಮಗೆ ವಿಶೇಷವಾಗಿ ಒದಗಿಬರುತ್ತದೆ. ಕನ್ನಡ ಪದದ ಪಕ್ಕದಲ್ಲಿಯೇ ಅದರ ತಮಿಳು, ತೆಲುಗು ರೂಪಗಳನ್ನೂ ಅವರು ಕೊಟ್ಟಿದ್ದಾರೆ. ನಾಲ್ಕು ಭಾಷೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಶಾಲೆಗೆ ಇದಕ್ಕಿಂತ ಬೇರೆ ಏನು ಬೇಕು? ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್, ತಮಿಳು ಎಂದು ಮೂರು ಸಾಲಿನಲ್ಲಿ ಹೊಂದಿಸುವ ಕೆಲಸವನ್ನು ಒಂದು ಶಾಲೆಯ ವಿಜ್ಞಾನ ಉಪಾಧ್ಯಾಯರು, ಕನ್ನಡ ಪಂಡಿತರು, ತಮಿಳು ಪಂಡಿತರು ಒಂದು ಬೇಸಿಗೆ ರಜೆಯಲ್ಲಿ ಕೂತು ಮುಗಿಸಬಹುದು. ಪುಸ್ತಕಗಳು ಮೂರು ಮಾಧ್ಯಮದಲ್ಲಿಯೂ ಒಂದೇ ಪಾಠಕ್ರಮದವಾದುದರಿಂದ, ಪುಟಕ್ಕೆ ಪುಟ ಇಟ್ಟು ನೋಡಿದರೆ ಪದಗಳು ತಾವಾಗಿಯೇ ಸಿಕ್ಕುತ್ತವೆ. ಜೂನ್ ತಿಂಗಳಲ್ಲಿ ಹನ್ನೊಂದನೆಯ ತರಗತಿಗೆ ಹೊರಡುವ ಮಕ್ಕಳ ಕೈಗೆ ಅದರ ಪ್ರತಿಯನ್ನು ವರ್ಗಾವಣೆ ಪತ್ರದೊಡನೆ ಕೊಟ್ಟು ಕಳುಹಿಸಬಹುದು.